ವರ್ಷದ ಓದು: ಒಂದು ಸಿಂಹಾವಲೋಕನ

ವರ್ಷದ ಕೊನೆಗೆ ವ್ಯಾಪಾರಿಯು ತನ್ನ ಕೀರ್ದಿ-ಖತಾವಣಿಗಳನ್ನು ತೆಗೆದು ನೋಡುತ್ತಾನೆ. ಒಕ್ಕಲಿಗನು ಕಬ್ಬಿನ ಬಿಲ್ಲು ಎಷ್ಟು ಬಂದಿತು, ಸೊಸಾಯಿಟಿಯ ಸಾಲಕ್ಕೆ ಎಷ್ಟು ಹೋಯಿತು ಎಂದು ಬೆರಳು ಮಡಚುತ್ತಾನೆ. ನಮ್ಮ ಬನಹಟ್ಟಿಯ ನೇಕಾರನು ಮಾಲೀಕನ ವಹಿಯಲ್ಲಿ ತನ್ನ ಹೆಸರಿನ ಮುಂದೆ ಉಳಿದ ಬಾಕಿಯೆಷ್ಟೆಂದು ಕೇಳಿಕೊಂಡು ಬರುತ್ತಾನೆ. ಓದುವವರು ಮಾತ್ರ ತಮ್ಮ ಲೆಕ್ಕವನ್ನು ನೋಡುವದು ಕಡಿಮೆ. ಅಂಕಪಟ್ಟಿ ಕೈಗೆ ಬಂದರೆ ಓದಿನ ಲೆಕ್ಕವೂ ಮುಗಿಯಿತೆಂದು ತಿಳಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಅಂಕಪಟ್ಟಿಯು ಪಠ್ಯದ ಲೆಕ್ಕ. ಓದಿನ ಲೆಕ್ಕ ಬೇರೆಯೇ ಇದೆ. ಅದನ್ನು ಹೇಗೆ ನೋಡಬೇಕು, ನೋಡಿದ ಮೇಲೆ ಬರುವ ವರ್ಷದ ಓದನ್ನು ಹೇಗೆ ಗೊತ್ತುಪಡಿಸಿಕೊಳ್ಳಬೇಕು ಎಂಬ ವಿಷಯವಾಗಿ, ನನ್ನ ಬಿ.ಎ. ಎರಡನೆಯ ವರ್ಷದ ಓದನ್ನೇ ಉದಾಹರಣೆಯಾಗಿಟ್ಟುಕೊಂಡು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ನನ್ನ ಓದು ದೊಡ್ಡದೆಂದಲ್ಲ. ನನಗೆ ಪೂರ್ತಿಯಾಗಿ ಗೊತ್ತಿರುವ ಲೆಕ್ಕ ಅದೊಂದೇ ಎಂದು.

ಲೆಕ್ಕ ನೋಡಬೇಕಾದರೆ ಮೊದಲು ಲೆಕ್ಕ ಬರೆದಿರಬೇಕು. ಇಂಗ್ಲೆಂಡಿನ ಜೀವವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನು 1838ರಿಂದ 1860ರ ವರೆಗೆ ತನ್ನ ಓದಿಗಾಗಿಯೇ ಬೇರೆ ವಹಿಗಳನ್ನು ಇಟ್ಟಿದ್ದನು. ಅವುಗಳಲ್ಲಿ ಓದಬೇಕಾದ ಪುಸ್ತಕಗಳದೊಂದು ಪಟ್ಟಿ, ಓದಿ ಮುಗಿಸಿದ ಪುಸ್ತಕಗಳದೊಂದು ಪಟ್ಟಿ. ಜಗತ್ತಿನ ವಿಚಾರವನ್ನೇ ಬದಲಿಸಿದ ಗ್ರಂಥವನ್ನು ಅವನು ಬರೆದು 1859ರಲ್ಲಿ ಪ್ರಕಟಿಸಿದ್ದು ಈ ವಹಿಗಳನ್ನು ಇಡುತ್ತಿದ್ದ ಕಾಲದಲ್ಲಿಯೇ. ಅಷ್ಟು ಕೆಲಸದ ಮನುಷ್ಯನಿಗೆ ಪಟ್ಟಿ ಬರೆಯಲು ಹೊತ್ತಿತ್ತೆಂದ ಮೇಲೆ ನಮಗೆ ಹೊತ್ತಿಲ್ಲವೆಂದು ಹೇಳುವದು ಕಷ್ಟ. ನಾನು ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಮೂರು ಸಾಲು ಹಾಕಿಕೊಂಡೆನು. ಮೊದಲನೆಯದರಲ್ಲಿ ಪುಸ್ತಕದ ಹೆಸರು. ಎರಡನೆಯದರಲ್ಲಿ ಅದನ್ನು ತೋರಿಸಿಕೊಟ್ಟವರು ಯಾರು, ಗುರುಗಳೋ ಗೆಳತಿಯರೋ ಮತ್ತೊಂದು ಪುಸ್ತಕವೋ ಎಂಬುದು. ಮೂರನೆಯದರಲ್ಲಿ ತಿಂಗಳಾದ ಮೇಲೂ ನೆನಪಿನಲ್ಲಿ ಉಳಿದದ್ದೇನು ಎಂಬುದು. ಮೂರನೆಯ ಸಾಲನ್ನು ಪುಸ್ತಕ ಮುಗಿಸಿದ ದಿನವೇ ತುಂಬಬಾರದು. ಅಂದು ಎಲ್ಲವೂ ನೆನಪಿರುತ್ತದೆ. ನೆನಪಿರುವದೆಲ್ಲ ಮುಖ್ಯವೆಂದೇ ತೋರುತ್ತದೆ.

ಈ ವರ್ಷ ಓದಿ ಮುಗಿಸಿದ ಪುಸ್ತಕಗಳು 27. ಅವುಗಳಲ್ಲಿ ಪಠ್ಯಕ್ಕೆ ಸಂಬಂಧಿಸಿದವು 11, ಕಾದಂಬರಿಗಳು 9, ಕಾವ್ಯ ಮತ್ತು ವಚನಗಳು 4, ಉಳಿದ 3 ಚರಿತ್ರೆ, ಜೀವನಚರಿತ್ರೆಗಳು. ಅರ್ಧಕ್ಕೆ ಬಿಟ್ಟ ಐದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವುಗಳಲ್ಲಿ ಒಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಅದು ಬಸ್ಸಿನಲ್ಲಿ ಓದುವ ಪುಸ್ತಕವಲ್ಲವೆಂದು ಬೇಸಿಗೆಯ ಸೂಟಿಗೆ ಮೀಸಲಿಟ್ಟಿದ್ದೇನೆ.

ಓದಿನ ಹೊತ್ತಿನ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವೆನು. ಹೊತ್ತನ್ನು ಬಿಟ್ಟು ಓದಿನ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಮಗ್ಗದ ಮನೆಯ ಸಪ್ಪಳವನ್ನು ರಬಕವಿ-ಬನಹಟ್ಟಿಯವರಿಗೆ ವರ್ಣಿಸಬೇಕಾಗಿಲ್ಲ; ಉಳಿದವರಿಗೆ ವರ್ಣಿಸಿದರೂ ತಿಳಿಯದು. ಲಾಳಿ ಓಡುತ್ತಿರುವಾಗ ವರ್ತಮಾನಪತ್ರವನ್ನು ಓದಬಹುದು, ಕಾದಂಬರಿಯನ್ನೂ ಓದಬಹುದು. ಹಳಗನ್ನಡದ ಪದ್ಯವನ್ನು ಮಾತ್ರ ಓದಲಾಗದು. ಅದನ್ನು ಕಿವಿಯಿಂದ ಓದಬೇಕಾಗುತ್ತದೆ. ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತವೆ. ಮನೆಗೆ ನಷ್ಟದ ಹೊತ್ತು ಯಾವದೋ ಅದೇ ನನ್ನ ಪದ್ಯದ ಹೊತ್ತು. ಈ ವರ್ಷ ಓದಿದ ಹಳಗನ್ನಡವೆಲ್ಲ ಹೀಗೆ ಕರೆಂಟು ಹೋದಾಗ, ಇಲ್ಲವೆ ಸಂಜೆಯ ಬಸ್ಸಿಗೆ ಮುಂಚಿನ ಒಂದು ತಾಸಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಓದಿದ್ದು.

ಇನ್ನು ಹಿಂದಿರುಗಿ ನೋಡುವ ಕ್ರಮ. ‘ಸಿಂಹಾವಲೋಕನ’ ಎಂಬ ಮಾತನ್ನು ನಾವು ವಾರ್ಷಿಕ ವರದಿಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಸಿಂಹವು ನಡೆಯುತ್ತ ನಡೆಯುತ್ತ ನಿಂತು, ಕೊರಳು ತಿರುಗಿಸಿ ತಾನು ಬಂದ ದಾರಿಯನ್ನು ಒಮ್ಮೆ ನೋಡಿ, ಮತ್ತೆ ಮುಂದೆ ನಡೆಯುತ್ತದಂತೆ. ಈ ಮಾತನ್ನು ಕಾವ್ಯದ ಕ್ರಮವನ್ನಾಗಿ ಮಾಡಿಕೊಂಡು, ಅದರ ಹೆಸರನ್ನೂ ತನ್ನ ಕಾವ್ಯದಲ್ಲಿಯೇ ಹೇಳಿದವನು ನಮ್ಮ ಮುಧೋಳದ ರನ್ನ. ಅವನ ‘ಸಾಹಸಭೀಮವಿಜಯ’ವೆಂಬ ಗದಾಯುದ್ಧವು ಭಾರತಯುದ್ಧದ ಕೊನೆಯ ದಿನದಲ್ಲಿ ನಿಂತು ಹಿಂದಿನ ಭಾರತವನ್ನೆಲ್ಲ ನೋಡುತ್ತದೆ. ದ್ಯೂತ, ದ್ರೌಪದಿಯ ಅವಮಾನ, ವನವಾಸ, ಅಭಿಮನ್ಯುವಿನ ಮರಣ, ಇವೆಲ್ಲ ಆದ ಕ್ರಮದಲ್ಲಿ ಬರದೆ, ಕೊನೆಯ ದಿನ ಯಾರಿಗೆ ಯಾವದು ನೆನಪಾಗುತ್ತದೆಯೋ ಆ ಕ್ರಮದಲ್ಲಿ ಬರುತ್ತವೆ. ಪಂಪನು ತನ್ನ ಭಾರತದ ಒಂದು ಆಶ್ವಾಸದಲ್ಲಿ ಹೇಳಿದ್ದನ್ನು ರನ್ನನು ಹತ್ತು ಆಶ್ವಾಸಗಳಿಗೆ ಬೆಳೆಸಿದನು. ಅಷ್ಟು ಬೆಳೆಯಲು ಸ್ಥಳ ದೊರೆತದ್ದು ಈ ಹಿನ್ನೋಟದಿಂದ.

ನನಗೆ ಇದರಿಂದ ಒಂದು ಉಪಾಯ ದೊರೆಯಿತು. ವರ್ಷದ ಓದನ್ನು ಜೂನಿನಿಂದ ಏಪ್ರಿಲಿನ ವರೆಗೆ ಒಂದೊಂದಾಗಿ ಎಣಿಸುತ್ತ ಹೋದರೆ ಪಟ್ಟಿ ಮಾತ್ರ ಉಳಿಯುತ್ತದೆ. ಅದರ ಬದಲು ಒಂದು ಪುಸ್ತಕದ ಮೇಲೆ ನಿಂತು ಉಳಿದವುಗಳನ್ನು ನೋಡಬೇಕು. ಯಾವ ಪುಸ್ತಕಗಳು ಅಲ್ಲಿಂದ ಕಾಣಿಸುತ್ತವೆ, ಯಾವವು ಕಾಣಿಸುವದೇ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ. ನಾನು ನಿಂತದ್ದು ರನ್ನನ ಮೇಲೆಯೇ. ಹಾಗೆ ನಿಂತು ನೋಟುಬುಕ್ಕಿನ ಎರಡನೆಯ ಸಾಲನ್ನು ಓದಿದಾಗ, 27ರಲ್ಲಿ ಎಂಟು ಪುಸ್ತಕಗಳು ಒಂದರ ಕೈಯನ್ನು ಒಂದು ಹಿಡಿದುಕೊಂಡು ಬಂದವೆಂಬುದು ಕಂಡಿತು. ಆ ಎಂಟೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಹೇಗೋ ಸಂಬಂಧಿಸಿದವು. ಉಳಿದವು ಒಳ್ಳೆಯವೇ ಇರಬಹುದು. ಒಂಟಿಯಾಗಿ ಬಂದು ಒಂಟಿಯಾಗಿ ಹೋದವು.

ಈ ಸರಪಳಿ ಆರಂಭವಾದದ್ದು ಹಲಗಲಿಯಿಂದ. ಹಲಗಲಿಯ ಬೇಡರ ಲಾವಣಿಯನ್ನು ನಾವೆಲ್ಲ ಹತ್ತನೆಯ ಇಯತ್ತೆಯಲ್ಲಿ ಪಾಠವಾಗಿ ಓದಿದವರು. 1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿದಾಗ, ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು; ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಪಾಠದಲ್ಲಿ ಇಷ್ಟು ತಿಳಿದಿತ್ತು. ಲಾವಣಿಯನ್ನು ಮೊದಲು ಬರೆದಿಟ್ಟವರು ಯಾರೆಂದು ಈ ವರ್ಷ ಹುಡುಕಿದಾಗ ಸಿಕ್ಕ ಹೆಸರು ಜೆ.ಎಫ್. ಫ್ಲೀಟ್. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದ ಈ ಶಾಸನಪಂಡಿತನು ನಮ್ಮ ಭಾಗದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದನು. ಬ್ರಿಟಿಷರ ದಂಡು ಸುಟ್ಟ ಊರಿನ ಹಾಡನ್ನು ಬ್ರಿಟಿಷರ ಅಧಿಕಾರಿಯೇ ಉಳಿಸಿದನೆಂಬುದು ವಿಚಿತ್ರ. ನಮ್ಮವರು ಅದನ್ನು ಹಾಡಿ ಉಳಿಸಿದ್ದರೆಂಬುದನ್ನೂ ಇದರೊಂದಿಗೆ ಹೇಳಬೇಕು. ಹಾಡುವವರಿಲ್ಲದಿದ್ದರೆ ಅವನು ಬರೆಯುವದೇನಿತ್ತು?

ಹಾಡಿ ಉಳಿಸಿದವರು ದೂರದವರೇನೂ ಅಲ್ಲ. ಒಂದು ದಿನ ನಾನು ಕಂಡಿಕೆ ಸುತ್ತುತ್ತ ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದೆನು. ಅಪ್ಪ ಕೇಳಿದರು: “ಏನವ್ವಾ, ಇದೆಲ್ಲಾ ಪರೀಕ್ಷಾದಾಗ ಬರ್ತೈತೇನು?”

“ಎಲ್ಲಾ ಬರೂದಿಲ್ಲಪ್ಪಾ.”

“ಹಂಗಾದ್ರ ಯಾಕ ಓದ್ತೀ?”

ಉತ್ತರವಾಗಿ ಹಲಗಲಿಯ ಮಾತು ತೆಗೆದೆನು. ಅಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮಗ್ಗದಿಂದ ಕಣ್ಣು ತೆಗೆಯದೆಯೇ ಅವರು ಲಾವಣಿಯ ಒಂದು ನುಡಿಯನ್ನು ಹೇಳಿದರು. ಅದು ನಮ್ಮ ಪಾಠದಲ್ಲಿರಲಿಲ್ಲ. ಹುಡುಗರಾಗಿದ್ದಾಗ ಜಾತ್ರೆಯಲ್ಲಿ ಕೇಳಿದ್ದಂತೆ. ನೋಟುಬುಕ್ಕಿನ ಎರಡನೆಯ ಸಾಲಿನಲ್ಲಿ ಅಂದು ಅಪ್ಪನ ಹೆಸರನ್ನೂ ಬರೆದೆನು. ಪ್ರಶ್ನೆಯನ್ನು ಅವರು ಮರಳಿ ಕೇಳಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ಮುಂದಿನ ವರ್ಷದ ಮಾತು ಬಂದಾಗ ಅದಕ್ಕೆ ಮರಳುತ್ತೇನೆ.

ಹಲಗಲಿಗಾಗಿ ‘ಇಂಡಿಯನ್ ಆ್ಯಂಟಿಕ್ವರಿ’ಯನ್ನು ತೆಗೆದವಳಿಗೆ ಅದೇ ಪತ್ರಿಕೆಯಲ್ಲಿ ತೇರದಾಳ ಸಿಕ್ಕಿತು. ಅದರ ಹಳೆಯ ಸಂಪುಟಗಳು ಈಗ ಮೊಬೈಲಿನಲ್ಲಿಯೇ ಓದಲು ದೊರೆಯುತ್ತವೆ. ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಗೊಂಕನೆಂಬ ಮಾಂಡಲಿಕನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯ ಶಾಸನವು ಅದರಲ್ಲಿಯೇ ಅಚ್ಚಾಗಿದೆ. ತೇರದಾಳಕ್ಕೆ ನಾನು ಎಷ್ಟು ಸಲ ಹೋಗಿರುವೆನೋ ಲೆಕ್ಕವಿಲ್ಲ. ಆ ಶಾಸನದ ವಿಷಯ ಗೊತ್ತಾದದ್ದು ಲಂಡನ್ನಿನವನ ಹೆಸರಿನ ಬೆನ್ನು ಹತ್ತಿ ಹೋದ ಮೇಲೆ. ಬಸದಿಯಿಂದ ಜೈನ ಕವಿಗಳು, ಜೈನ ಕವಿಗಳಿಂದ ರನ್ನ. ಪಠ್ಯದಲ್ಲಿ ಗದಾಯುದ್ಧದ ಒಂದು ಭಾಗವಿದ್ದುದು ಹೌದು. ನಾನು ಪಠ್ಯದ ಹೊರಗಿನ ಪದ್ಯಗಳನ್ನೂ ಓದತೊಡಗಿದ್ದು ಈ ದಾರಿಯಿಂದ ಬಂದುದರಿಂದ.

ರನ್ನನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ಇರಲಾರೆನು. ಅವನು ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆತನದಲ್ಲಿ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಈ ವಿವರಗಳನ್ನು ಅವನೇ ‘ಅಜಿತಪುರಾಣ’ದಲ್ಲಿ ಕೊಟ್ಟಿದ್ದಾನೆ. ತನ್ನ ಊರು ಮುದುವೊಳಲು ಬೆಳುಗಲಿ ನಾಡಿನೊಳಗಿನ ಜಂಬುಖಂಡಿ ಎಪ್ಪತ್ತರಲ್ಲಿ ಸೇರಿದ್ದೆಂದು ಅವನು ಹೇಳುತ್ತಾನೆ. ಮುದುವೊಳಲು ಇಂದಿನ ಮುಧೋಳ, ಜಂಬುಖಂಡಿ ಇಂದಿನ ಜಮಖಂಡಿ. ಬಸ್ಸಿನ ಹಲಗೆಯ ಮೇಲೆ ನಾವು ದಿನವೂ ಓದುವ ‘ರನ್ನ ಬೆಳಗಲಿ’ಯಲ್ಲಿ ಆ ನಾಡಿನ ಹೆಸರು ಇನ್ನೂ ಉಳಿದಿ‌ದೆ. ಸಾವಿರ ವರ್ಷದ ಹಿಂದಿನ ಕಾವ್ಯದಲ್ಲಿ ನಮ್ಮ ಬಸ್ಸಿನ ದಾರಿ ಇದೆಯೆಂದು ತಿಳಿದಾಗ ನನಗಾದ ಸಂತೋಷವನ್ನು ವಿದ್ವಾಂಸರು ಬಾಲಿಶವೆಂದಾರು. ಆಗಲಿ.

ಬಳೆಗಾರರ ಹುಡುಗನು ಓದಿಗಾಗಿ ಊರು ಬಿಟ್ಟು ಗಂಗನಾಡಿನ ವರೆಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಚಾವುಂಡರಾಯನ ಆಶ್ರಯ ಪಡೆದನು. ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ಅದರ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಸಾವಿರ ಪ್ರತಿಗಳೆಂದರೆ ಅಚ್ಚಿನ ಯಂತ್ರದಲ್ಲಿ ಹಾಕಿ ತೆಗೆದವಲ್ಲ. ಓಲೆಗರಿಯ ಮೇಲೆ ಕಂಟದಿಂದ ಒಂದೊಂದಾಗಿ ಕೊರೆಯಿಸಿದವು. ನಮ್ಮ ಗ್ರಂಥಾಲಯದಲ್ಲಿ ಗದಾಯುದ್ಧದ ಪ್ರತಿಗಳು ಮೂರು. ಅವುಗಳಿಗಾಗಿ ಪರೀಕ್ಷೆಯ ಹಿಂದಿನ ವಾರ ನಡೆಯುವದು ಅದೂ ಒಂದು ಯುದ್ಧವೇ. ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳಿಗೆ ಅತ್ತಿಮಬ್ಬೆಯಂಥವರು ದೊರೆಯಲಿಲ್ಲವೆಂದು ತೋರುತ್ತದೆ, ಹೆಸರು ಉಳಿದು ಕಾವ್ಯಗಳು ಹೋದವು. ನನ್ನ ಗೆಳತಿಯೊಬ್ಬಳು ಅವೆರಡನ್ನೂ ನನ್ನ ‘ಓದಬೇಕಾದ’ ಪಟ್ಟಿಯ ತಲೆಯಲ್ಲಿ ತಮಾಷೆಗೆಂದು ಬರೆದಿಟ್ಟಿದ್ದಾಳೆ. ಹೊಡೆದುಹಾಕಿಲ್ಲ.

ಗದಾಯುದ್ಧದಲ್ಲಿ ಕಥಾನಾಯಕನು ಭೀಮ. ಅವನ ನೆಪದಲ್ಲಿ ಕವಿ ಹೊಗಳುವದು ತನ್ನ ಒಡೆಯನಾದ ಸತ್ಯಾಶ್ರಯನನ್ನು. ಆದರೆ ಓದಿ ಪುಸ್ತಕ ಮುಚ್ಚಿದ ಮೇಲೆ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಅವನು ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುತ್ತ ದ್ರೋಣನನ್ನು, ತಮ್ಮನನ್ನು, ಕರ್ಣನನ್ನು ಕಂಡು ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ನಾಟಕವನ್ನಾಗಿ ಮಾಡಿದ್ದು ಇಂಥ ಸನ್ನಿವೇಶಗಳ ಬಲದ ಮೇಲೆಯೇ ಇರಬೇಕು. ಕರೆಂಟಿಲ್ಲದ ಒಂದು ರಾತ್ರಿ ಈ ಕಥೆಯನ್ನು ಮನೆಯಲ್ಲಿ ಹೇಳುತ್ತಿದ್ದೆನು. ಮರುದಿನದ ವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರು, ಅಷ್ಟರಲ್ಲಿ ಬಲರಾಮ ಅಶ್ವತ್ಥಾಮರು ಬಂದು ಕೂಡುವರು ಎಂದು ಭೀಷ್ಮನು ಹೇಳಿದ್ದನ್ನೂ, ಭೀಮನ ಮೂದಲೆಯ ಮಾತು ಕೇಳಿ ದುರ್ಯೋಧನನು ತಡೆಯದೆ ನೀರಿನಿಂದ ಹೊರಬಂದದ್ದನ್ನೂ ಹೇಳಿದೆನು. ಅಪ್ಪ ಕೇಳಿದರು: “ಒಂದು ರಾತ್ರಿ ಸುಮ್ನಿದ್ರ ಜೀವಾ ಉಳೀತಿತ್ತು. ಬೈಗಳಾ ತಡಕೊಳ್ಳಾಕ ಆಗಲಿಲ್ಲೇನು ಅವಗ?” ತರಗತಿಯಲ್ಲಿ ನಾವು ‘ಛಲ’ ಎಂಬ ಒಂದೇ ಮಾತಿನಲ್ಲಿ ಬರೆದು ಐದು ಅಂಕ ಪಡೆಯುವ ಉತ್ತರವಿದು. ಅಪ್ಪನ ಬಾಯಲ್ಲಿ ಅದು ಮತ್ತೆ ಪ್ರಶ್ನೆಯಾಗಿ ನಿಂತಿತು. ಮಾಲೀಕರ ಮುಂದೆ ಎಷ್ಟು ಮಾತುಗಳನ್ನು ಅವರು ತಡೆದುಕೊಂಡಿರಬಹುದೆಂದು ನನಗೆ ಆಗ ಅನಿಸಿತು.

ರನ್ನನ ಮೇಲೆ ನಿಂತು ಕಾಣಿಸಿದ ಇನ್ನೊಂದು ದೊಡ್ಡ ಪುಸ್ತಕ ರಾವಬಹಾದ್ದೂರರ ‘ಗ್ರಾಮಾಯಣ’. ನಮ್ಮ ಜಮಖಂಡಿ ತಾಲೂಕಿನ ಹಿರೇಪಡಸಲಗಿಯಲ್ಲಿ ಹುಟ್ಟಿದ ಈ ಲೇಖಕರ ಕಾದಂಬರಿಯು 1957ರಲ್ಲಿ ಪ್ರಕಟವಾಯಿತು. ಪಾದಳ್ಳಿಯೆಂಬ ಊರು ರೋಗ-ಬರಗಳಿಗೆ ಸಿಕ್ಕು, ಅವುಗಳಿಗಿಂತ ಹೆಚ್ಚಾಗಿ ತನ್ನವರದೇ ಒಳಜಗಳಕ್ಕೆ ಸಿಕ್ಕು ಹಾಳಾಗುವ ಕಥೆಯದು. ಇದರಲ್ಲಿ ನಾಯಕನೆಂದು ಒಬ್ಬನನ್ನು ತೋರಿಸಲು ಬಾರದು, ಊರೇ ನಾಯಕ. ಗದಾಯುದ್ಧದಲ್ಲಿ ಒಂದು ಕುಲ ಹೇಗೆ ಮುಗಿಯಿತೋ ಇಲ್ಲಿ ಒಂದು ಊರು ಹಾಗೆ ಮುಗಿಯುತ್ತದೆ. ಹೋಲಿಕೆ ದೂರದ್ದೆಂದು ಗುರುಗಳು ಹೇಳಬಹುದು. ಎರಡನ್ನೂ ಒಂದೇ ತಿಂಗಳಲ್ಲಿ ಓದಿದವಳಿಗೆ ಅದು ಹತ್ತಿರದ್ದಾಗಿಯೇ ಕಂಡಿತು. ನಾನು ತಂದಿದ್ದು ಒಂದು ವಾಚನಾಲಯದ ಪ್ರತಿ. ಅದರಲ್ಲಿ ಕೊನೆಯ ಒಂದು ಫರ್ಮೆಯೇ ಇರಲಿಲ್ಲ. ಇನ್ನೊಂದು ಪ್ರತಿ ದೊರೆಯುವ ವರೆಗಿನ ಮೂರು ವಾರ ಪಾದಳ್ಳಿಯ ಗತಿ ಏನಾಯಿತೆಂದು ತಿಳಿಯದೆ ಕಳೆದೆನು. ಪುಸ್ತಕ ಹಿಡಿಸಿತೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಾರದು.

ಇದೇ ವರ್ಷ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನೂ ಓದಿದೆನು. ಅದರ ಮನೆ, ಅಂಗಳ, ಅಡಿಗೆ, ಮಾತು ಎಲ್ಲವನ್ನೂ ನಾನು ಪುಸ್ತಕದಿಂದಲೇ ಕಲಿತುಕೊಳ್ಳಬೇಕಾಯಿತು. ‘ಗ್ರಾಮಾಯಣ’ದ ಮಾತನ್ನು ಕಲಿಯಬೇಕಾಗಲಿಲ್ಲ, ಅದು ಅಜ್ಜಿಯ ಮಾತು. ನಮ್ಮ ಭಾಗದ ವಿದ್ಯಾರ್ಥಿಗಳು ಕನ್ನಡ ಸಾಹಿತ್ಯವನ್ನು ಬಹುಮಟ್ಟಿಗೆ ‘ಫಣಿಯಮ್ಮ’ನನ್ನು ಓದಿದಂತೆಯೇ, ಅತಿಥಿಗಳಾಗಿ ಓದುತ್ತೇವೆ. ಅತಿಥಿಯಾಗುವದು ಕೆಟ್ಟದ್ದಲ್ಲ. ನಮ್ಮದೂ ಒಂದು ಮನೆಯುಂಟೆಂದು ಗೊತ್ತಿದ್ದರೆ ಆಯಿತು.

ಆ ಮನೆ ಒಂದೇ ಕಡೆ ಕಾಣಿಸದಿರಲು ಕಾರಣವೂ ಇದೆ. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ. ಅರಸರ ಮನೆಯ ಮಾತು ಮರಾಠಿ. 1948ರಲ್ಲಿ ಇವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಮೈಸೂರು ರಾಜ್ಯ ಸೇರಿದವು. 1997ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟ ಜಿಲ್ಲೆಗೆ ಬಂದವು. ಬರೆದವರು ಧಾರವಾಡ, ಗೋಕಾಕ, ಪುಣೆ, ಅಲಾಹಾಬಾದಗಳಿಗೆ ಚದುರಿದರು. ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ಗೋಕಾಕದ ಮಾಸ್ತರರೆಂದೇ ಹೆಸರಾದರು. ಅವರ ‘ಸನಾದಿ ಅಪ್ಪಣ್ಣ’ 1977ರಲ್ಲಿ ಚಿತ್ರವಾಗಿ, ಬಿಸ್ಮಿಲ್ಲಾ ಖಾನರ ಶಹನಾಯಿಯೊಂದಿಗೆ ನಾಡಿನಲ್ಲೆಲ್ಲ ಹರಡಿತು. ಅಪ್ಪಣ್ಣನು ಬೀಳಗಿಯವನೆಂಬುದು ನಮ್ಮಲ್ಲಿಯೇ ಎಷ್ಟೋ ಜನಕ್ಕೆ ತಿಳಿಯದು. ಪುರಾಣಿಕರ ಕಾದಂಬರಿಗಳನ್ನು ಹೆಂಗಸರ ಮಧ್ಯಾಹ್ನದ ಓದೆಂದು ತಳ್ಳಿಬಿಡುವವರುಂಟು. ನಮ್ಮ ಅತ್ತೆಯವರು ಅವನ್ನು ಮಧ್ಯಾಹ್ನವೇ ಓದಿದರು, ಆ ಓದಿನಿಂದಲೇ ಕಾಗದ ಬರೆಯುವಷ್ಟು ಕನ್ನಡ ಕಲಿತರು.

ನೇಕಾರರ ಊರಿಗೂ ವಚನಗಳಿಗೂ ಇರುವ ನಂಟನ್ನು ಬೇರೆಯಾಗಿ ಹೇಳಬೇಕು. ನೇಕಾರರ ಮನೆಗಳಲ್ಲಿ ದೇವರ ದಾಸಿಮಯ್ಯನ ಪಟವಿರುವದು ಸಾಮಾನ್ಯ. ಅವನ ವಚನಗಳನ್ನು ಓದಿದವರು ವಿರಳ. ಈ ವರ್ಷ ಅವನ್ನೂ, ಅವನ ಹೆಂಡತಿ ದುಗ್ಗಳೆಯ ವಚನಗಳನ್ನೂ ಓದಿದೆನು. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ, ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು. ಅವರು ವಚನಗಳ ತಾಡೋಲೆಗಳನ್ನು ಮೊದಮೊದಲು ಕಂಡ ಸ್ಥಳಗಳಲ್ಲಿ ರಬಕವಿ-ಬನಹಟ್ಟಿಯೂ ಒಂದೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಯಾರೋ ಒಬ್ಬರ ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದ ಕಟ್ಟು ಇಂದು ಹದಿನೈದು ಸಂಪುಟಗಳ ಸಮಗ್ರ ವಚನಸಾಹಿತ್ಯವಾಗಿ ನಮ್ಮ ಗ್ರಂಥಾಲಯದ ಕಪಾಟಿನಲ್ಲಿದೆ. ಪೂಜೆಯಿಂದ ಓದಿಗೆ ಬಂದ ದಾರಿ ಅದು.

ಇನ್ನು ಬರುವ ವರ್ಷ. ಇಲ್ಲಿ ಅಪ್ಪನ ಪ್ರಶ್ನೆಗೆ ಮರಳುತ್ತೇನೆ. ಬರುವದು ನನ್ನ ಬಿ.ಎ. ಕೊನೆಯ ವರ್ಷ. ಅದು ಮುಗಿದ ದಿನ ಗ್ರಂಥಾಲಯದ ಕಾರ್ಡನ್ನು ಮರಳಿ ಕೊಡಬೇಕು. ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ, ಕೆಲಸ, ಇಲ್ಲವೆ ಮದುವೆಯ ಮಾತು. ಈ ಮೂರರಲ್ಲಿ ಯಾವದು ಮೊದಲು ಬಂದರೂ ಗದಾಯುದ್ಧವನ್ನು ಯಾರ ಬಳಿಯಾದರೂ ಕುಳಿತು ಕೇಳಿ ಓದುವ ಅನುಕೂಲ ಮತ್ತೆ ಬರುವ ಭರವಸೆ ಇಲ್ಲ. ಆದಕಾರಣ ಯೋಜನೆಯನ್ನು ಪುಸ್ತಕಗಳ ಎಣಿಕೆಯಿಂದಲ್ಲ, ತಾಸುಗಳ ಎಣಿಕೆಯಿಂದ ಮಾಡಿದ್ದೇನೆ. ಪಠ್ಯವನ್ನು ಬಿಟ್ಟು ವಾರಕ್ಕೆ ಹತ್ತು ತಾಸು ದೊರೆಯುತ್ತವೆಂದು ಈ ವರ್ಷದ ಅನುಭವದಿಂದ ಗೊತ್ತಾಗಿದೆ. ಅದರಲ್ಲಿ ಐದು ತಾಸು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ. ಇದನ್ನು ಬೇಸರದಿಂದ ಬರೆಯುತ್ತಿಲ್ಲ. ಎರಡು ಮಗ್ಗದ ಮೇಲೆ ಐದು ಜನ ನಡೆಯುವ ಮನೆಯಲ್ಲಿ ಅದು ಮೊದಲ ಹಕ್ಕು. ಉಳಿದ ಐದು ತಾಸು ನನ್ನವು.

ಹಳಗನ್ನಡವನ್ನು ನಿಘಂಟು ಹಿಡಿದು ಓದಿದರೆ ತಾಸಿಗೆ ಎಂಟು-ಹತ್ತು ಪದ್ಯಗಳಿಗಿಂತ ಹೆಚ್ಚು ಆಗುವದಿಲ್ಲ. ಗದಾಯುದ್ಧಕ್ಕೆ ಹತ್ತು ಆಶ್ವಾಸಗಳು. ಕಾಲೇಜು ನಡೆಯುವ ತಿಂಗಳುಗಳೂ ಸುಮಾರಾಗಿ ಹತ್ತು. ತಿಂಗಳಿಗೊಂದು ಆಶ್ವಾಸ. ವಾರದ ಐದು ತಾಸಿನಲ್ಲಿ ಎರಡನ್ನು ಇದಕ್ಕೆ ಕಟ್ಟಿದ್ದೇನೆ. ಪಂಪನ ಆಶ್ವಾಸವನ್ನು ಮೊದಲು ಓದಿ ಆಮೇಲೆ ರನ್ನನಿಗೆ ಬರಬೇಕೆಂದು ಒಂದು ಮತ. ರನ್ನನನ್ನು ಮುಗಿಸಿ ಪಂಪನಿಗೆ ಹೋಗಬೇಕೆಂದು ನನ್ನ ಮತ. ಸಿಂಹಾವಲೋಕನವೆಂದ ಮೇಲೆ ಹಿಂದಿನದು ಆಮೇಲೆಯೇ ಬರಬೇಕಲ್ಲವೆ?

ಇಂಗ್ಲಿಷಿನಲ್ಲಿ ಒಂದೇ ಪುಸ್ತಕ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಕೊನೆಗೆ ನಿಂಬಾಳದಲ್ಲಿ ನೆಲೆಸಿ 1957ರಲ್ಲಿ ತೀರಿಕೊಂಡ ಗುರುದೇವ ರಾನಡೆಯವರು ಕನ್ನಡ ಸಂತರ ಪದಗಳನ್ನು ಕುರಿತು ಬರೆದ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’. ತತ್ತ್ವಜ್ಞಾನ ನನಗೆ ಎಷ್ಟು ದಕ್ಕುವದೋ ಹೇಳಲಾರೆನು. ಮರಾಠಿ ಸಂತರ ಮೇಲೆ ದೊಡ್ಡ ಗ್ರಂಥ ಬರೆದ ವಿದ್ವಾಂಸರು ಕನ್ನಡ ಪದಗಳನ್ನು ಹೊರಗಿನ ಓದುಗರಿಗೆ ಹೇಗೆ ತಿಳಿಸಿ ಹೇಳುತ್ತಾರೆಂಬುದನ್ನು ನೋಡುವದು ನನ್ನ ಉದ್ದೇಶ. ಅದರೊಂದಿಗೆ ಸತ್ಯಕಾಮರ ‘ಪಂಚಮಗಳ ನಡುವೆ’. ಗಲಗಲಿಯಲ್ಲಿ ಹುಟ್ಟಿ ಜಮಖಂಡಿಯ ಹತ್ತಿರದ ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಇವರ ಪುಸ್ತಕವನ್ನು ಹೆಣ್ಣುಮಕ್ಕಳು ಓದಬಾರದೆಂದು ಒಬ್ಬ ಹಿರಿಯರು ಹೇಳಿದರು. ಪಟ್ಟಿಯಲ್ಲಿ ಅದರ ಹೆಸರನ್ನು ಎರಡು ಗೆರೆ ಎಳೆದು ಗಟ್ಟಿ ಮಾಡಿದ್ದೇನೆ.

ಊರಿನಿಂದ ಹೊರಗೆ ಹೋಗುವ ದಾರಿಗಳೂ ಬೇಕು. ಊರಿನ ಬಾವಿಯಲ್ಲಿಯೇ ಈಜಿ ಏಳುವದಕ್ಕೆ ಇಷ್ಟೆಲ್ಲ ಯೋಜನೆ ಬೇಡ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳೂ ಹೊಲಗಳೂ ಹೋದವು. ನಮ್ಮ ತರಗತಿಯಲ್ಲಿಯೇ ಅಂಥ ಮನೆಗಳಿಂದ ಬಂದವರಿದ್ದಾರೆ. ಶರಾವತಿಯ ಮುಳುಗಡೆಯನ್ನು ಕಂಡು ಬರೆದ ನಾ. ಡಿಸೋಜ ಅವರ ‘ದ್ವೀಪ’ವನ್ನು ಓದಿ, ಅವರೊಂದಿಗೆ ಕುಳಿತು ಮಾತಾಡಬೇಕೆಂದಿದ್ದೇನೆ. ಮಲೆನಾಡಿನ ನೀರೂ ಕೃಷ್ಣೆಯ ನೀರೂ ಒಂದೇ ರೀತಿ ಏರುತ್ತವೆಯೋ ಬೇರೆಯೋ ಎಂಬುದನ್ನು ಅವರು ಹೇಳಬಲ್ಲರು, ನಾನಲ್ಲ. ಮರಾಠಿಯಿಂದ ದಯಾ ಪವಾರರ ‘ಬಲುತ’. ಕನ್ನಡ ಅನುವಾದ ಇದೆ. ಮನೆಯ ಪಕ್ಕದ ಅಜ್ಜ ಮರಾಠಿ ಶಾಲೆ ಕಲಿತವರು. ಮೂಲ ದೊರೆತರೆ ಕೆಲವು ಪುಟಗಳನ್ನು ಅವರಿಂದ ಓದಿಸಿ ಕೇಳಬಹುದು. ತೇರದಾಳದ ಶಾಸನವನ್ನು ಕಲ್ಲಿನ ಮುಂದೆಯೇ ನಿಂತು, ಅಚ್ಚಿನ ಪಾಠವನ್ನು ಕೈಯಲ್ಲಿ ಹಿಡಿದು ಒಂದು ಸಲ ಓದಬೇಕು. ಇದು ಒಂದು ರವಿವಾರದ ಕೆಲಸ. ಇಷ್ಟೇ. ಈ ವರ್ಷದ 27ರ ಬದಲು ಬರುವ ವರ್ಷ ಪಠ್ಯ ಬಿಟ್ಟು ಏಳೋ ಎಂಟೋ ಆಗಬಹುದು.

ಗದಾಯುದ್ಧವನ್ನು ಒಬ್ಬಳೇ ಓದುವ ವಿಚಾರವಿಲ್ಲ. ಪ್ರತಿಗಳು ಮೂರು, ಹಳಗನ್ನಡ ನಿಘಂಟು ಒಂದು. ಒಂದೇ ಮೇಜಿಗೆ ಕೂಡುವದು ಅನಿವಾರ್ಯ. ಕನ್ನಡ ವಿಭಾಗದ ಗುರುಗಳು ತಿಂಗಳಿಗೊಂದು ದಿನ ಬಂದು ಕುಳಿತು, ತೊಡಕಾದ ಪದ್ಯಗಳನ್ನು ಬಿಡಿಸಿಕೊಡಲು ಒಪ್ಪಿದ್ದಾರೆ. ಪದ್ಯವನ್ನು ಒಬ್ಬರು ಗಟ್ಟಿಯಾಗಿ ಓದುವದು, ಒಬ್ಬರು ನಿಘಂಟು ನೋಡುವದು, ಒಬ್ಬರು ಅರ್ಥ ಬರೆದುಕೊಳ್ಳುವದು. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಶನಿವಾರ ತರಗತಿಗಳು ಮುಗಿದ ಮೇಲೆ ಎರಡು ತಾಸು, ಗ್ರಂಥಾಲಯದ ಕಿಟಕಿಯ ಬದಿಯ ಮೇಜು. ಸದ್ಯಕ್ಕೆ ಬನಹಟ್ಟಿಯ ಇಬ್ಬರು, ಮುಧೋಳದ ಒಬ್ಬಳು, ಬೀಳಗಿಯಿಂದ ಬರುವ ಇಬ್ಬರು ಹೆಸರು ಕೊಟ್ಟಿದ್ದಾರೆ. ಕುರ್ಚಿಗಳು ಎಂಟು ಇವೆ.